ಗೆರೆಯ ಕೆಳಗಿನ ಹೆಸರು

ಹಲಗೆಯ ಮೇಲೆ ತನ್ನ ಹೆಸರು ಗೆರೆಗಿಂತ ಮೇಲಿರುವುದನ್ನು ಕಂಡು ಯಂಕೇಶ ನಿಂತುಬಿಟ್ಟ. ಕಣ್ಣಿಗೆ ಕಿಲನ್ ಕುಲುಮೆಯ ಕಪ್ಪು ಪುಡಿ ಕೂತಿರಬೇಕೆಂದು ತೋಳಿನಿಂದ ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಮೇಲೆ ಆರು ಹೆಸರು. ಅವುಗಳ ಅಡಿಯಲ್ಲಿ ಸೀಮೆಸುಣ್ಣ ಒತ್ತಿ ಎಳೆದ ಗೆರೆ. ಗೆರೆಯ ಕೆಳಗೆ ‘ಎಕ್ಸ್‌ಟ್ರಾ’ ಎಂದು ಬರೆದು ಮುಂದೆ ಒಂದೇ ಹೆಸರು. ನಾಲ್ಕು ವರ್ಷದಿಂದ ಆ ಜಾಗದಲ್ಲಿದ್ದದ್ದು ಅವನ ಹೆಸರು. ಈ ಶನಿವಾರ ಅಲ್ಲಿ ಕಾಶಿನಾಥ ಎಂದಿತ್ತು.

ಮಧ್ಯಾಹ್ನ ಎರಡರ ಸೈರನ್ ಆಗಿ ಶಿಫ್ಟ್ ಬದಲಾಗುವ ಹೊತ್ತು. ಗಿಣಿಗೇರಾದ ಆ ಕಬ್ಬಿಣದ ಕಾರ್ಖಾನೆಯ ಗೇಟಿನ ಹತ್ತಿರ, ಹಾಜರಿ ಹಾಕುವ ಟೈಮ್ ಆಫೀಸಿನ ಗೋಡೆಗೆ ಆ ಹಲಗೆ ತೂಗುಹಾಕಿದ್ದರು. ಹೊರಗೆ ಹೋಗುವವರೂ ಒಳಗೆ ಬರುವವರೂ ಅದರ ಮುಂದೆ ಒಂದು ಗಳಿಗೆ ನಿಂತು ಹೋಗುವುದು ರೂಢಿ. ಯಾರೋ ಯಂಕೇಶನ ಬೆನ್ನು ತಟ್ಟಿದರು. ಯಾರೋ ಮಿರ್ಚಿ ಕೊಡಿಸು ಎಂದರು. ವಾಲಿಬಾಲ್ ಟೀಮಿನ ಸ್ಮ್ಯಾಶರ್ ಅಸ್ಲಮ ತನ್ನ ಬಲಭುಜವನ್ನು ಎಡಗೈಯಿಂದ ಒತ್ತಿಕೊಳ್ಳುತ್ತ ಪಕ್ಕಕ್ಕೆ ಬಂದು ನಿಂತ.

"ಆಗೂದು ಆತು ಬಿಡಪಾ. ನಾಳೆ ಚೆಂಡು ಎತ್ತರ ಕೊಡು ಸಾಕು," ಎಂದ.

ಕ್ಯಾಂಟೀನಿನಲ್ಲಿ ಎರಡು ವರ್ಷದಿಂದ ಇದೇ ಜಗಳ. ಯಂಕೇಶನಿಗೆ ಒಂದು ಚಾನ್ಸ್ ಕೊಡಬೇಕು ಎನ್ನುವವರು ಒಂದು ಮೇಜು. ಮೂರು ಸಲ ಕಪ್ ಗೆದ್ದು ತಂದ ಕಾಶಿನಾಥನನ್ನು ಕೂರಿಸಿ ಇವನನ್ನು ಇಳಿಸುವುದೇನು, ಎಕ್ಸ್‌ಟ್ರಾ ಆಟಗಾರ ಹೊರಗೆ ಕೂತಷ್ಟು ದಿನವೇ ಚೆಂದ ಎನ್ನುವವರು ಇನ್ನೊಂದು ಮೇಜು. ಯಂಕೇಶ ಎರಡೂ ಮೇಜಿಗೆ ಕೂರುತ್ತಿರಲಿಲ್ಲ. ಚಹಾ ಕುಡಿದು, ತನ್ನ ಲೋಟ ತಾನೇ ತೊಳೆದಿಟ್ಟು ಎದ್ದುಬಿಡುತ್ತಿದ್ದ. ಅವನಿಗೆ ಚಾನ್ಸ್ ಬೇಕಿರಲಿಲ್ಲವೆಂದಲ್ಲ. ಬೇಕೆಂದು ಬಾಯಿಬಿಟ್ಟು ಹೇಳಲು ಅಂಜುತ್ತಿದ್ದ.

ಯಾಕೆಂದು ತಿಳಿಯಬೇಕಾದರೆ ಆ ಗೆರೆಯ ಸಂಗತಿ ಹೇಳಬೇಕು. ಕಾರ್ಖಾನೆಯಲ್ಲಿ ನಾಲ್ಕು ವಿಭಾಗ, ವಿಭಾಗಕ್ಕೊಂದು ವಾಲಿಬಾಲ್ ಟೀಮು. ಕಿಲನ್ ವಿಭಾಗದ ಟೀಮನ್ನು ನೋಡಿಕೊಳ್ಳುವವರು ಶಿಫ್ಟಿನ ಇನ್‌ಚಾರ್ಜ್ ಹಾಲೇಶ ಸಾಹೇಬರು. ಒಂದು ಕಾಲಕ್ಕೆ ತಾವೂ ಆಡಿದವರು. ಆಟಗಾರರ ಬೆರಳು ಕೆಡಬಾರದೆಂದು ಅವರೇ ಹಾಕಿದ ಪದ್ಧತಿ ಅದು. ಗೆರೆಯ ಮೇಲಿನ ಆರು ಜನಕ್ಕೆ ಜನರಲ್ ಶಿಫ್ಟು, ಬೆಳಗ್ಗೆ ಒಂಬತ್ತರಿಂದ ಸಂಜೆಯವರೆಗೆ ನೆರಳಿನ ಕೆಲಸ. ಲಾರಿ ತೂಗುವ ಕಾಟಾ, ಸ್ಟೋರು, ಗೇಟು. ಗೆರೆಯ ಕೆಳಗಿನವನಿಗೆ ಅದೇನಿಲ್ಲ. ಅವನು ಕಿಲನ್ನಿಗೇ ಹೋಗಬೇಕು. ಯಾವ ಕಾಗದದಲ್ಲೂ ಇಲ್ಲದ ಈ ಪದ್ಧತಿಯನ್ನು ಇಷ್ಟು ವರ್ಷದಲ್ಲಿ ಯಾರೂ ಮುರಿದಿರಲಿಲ್ಲ.

ಕಿಲನ್ ಎಂದರೆ ಮಲಗಿಸಿಟ್ಟ ಚಿಮಣಿಯಂತಹ ಭಾರಿ ಕೊಳವೆ. ಅದಿರನ್ನೂ ಕಲ್ಲಿದ್ದಲನ್ನೂ ಒಡಲಲ್ಲಿಟ್ಟುಕೊಂಡು ಹಗಲು ರಾತ್ರಿ ನಿಧಾನಕ್ಕೆ ತಿರುಗುತ್ತಲೇ ಇರುತ್ತದೆ. ಒಳಗೆ ಗಟ್ಟಿ ಕಟ್ಟಿದರೆ, ತುದಿಯಲ್ಲಿರುವ ಚಿಕ್ಕ ಬಾಗಿಲು ತೆಗೆದು ಉದ್ದನೆಯ ಕಬ್ಬಿಣದ ಸರಳಿನಿಂದ ತಿವಿದು ಒಡೆಯಬೇಕು. ಹಾಗೆ ತಿವಿಯುವಾಗ ಯಾವಾಗಲೋ ಒಮ್ಮೆ ಬೆಂಕಿ ಹೊರಕ್ಕೆ ಉಗುಳುತ್ತದೆ. ಹತ್ತು ತಿಂಗಳ ಹಿಂದೆ ಉಗುಳಿದಾಗ ಬಾಗಿಲ ಮುಂದೆ ಇದ್ದವನು ಕುಷ್ಟಗಿ ಕಡೆಯ ಮುದುಕಪ್ಪ. ಮುಂದಿನ ಸರದಿಯ ಸರಳು ಹಿಡಿದು ಎರಡು ಮಾರು ಹಿಂದೆ ನಿಂತಿದ್ದವನು ಯಂಕೇಶ. ಮುದುಕಪ್ಪ ಈಗ ಊರಲ್ಲಿದ್ದಾನೆ, ಎರಡೂ ಕೈಯನ್ನು ಬಟ್ಟೆಯೊಳಗಿಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಾನಂತೆ. ಅವತ್ತಿನಿಂದ ಯಂಕೇಶ ಆ ಬಾಗಿಲು ತೆಗೆಯುವಾಗೆಲ್ಲ ಉಸಿರು ಹಿಡಿಯುತ್ತಿದ್ದ; ಮುಚ್ಚಿದ ಮೇಲೆ ಎಷ್ಟೋ ಹೊತ್ತು ಉಸಿರು ಬಿಡುವುದು ಮರೆತುಹೋಗುತ್ತಿತ್ತು.

ಸ್ಮ್ಯಾಶರಿಗೆ ಚೆಂಡು ಎತ್ತಿಕೊಡುವ ಲಿಫ್ಟರ್ ಟೀಮಿಗೆ ಒಬ್ಬನೇ; ಯಂಕೇಶನೂ ಕಾಶಿನಾಥನೂ ಇಬ್ಬರೂ ಲಿಫ್ಟರು, ನೆರಳು ಒಬ್ಬನಿಗೇ. ಎಂಟು ವರ್ಷದಿಂದ ಆ ನೆರಳು ಕಾಶಿನಾಥನದು. ಅದಕ್ಕೂ ಮೊದಲು ಅವನೂ ಕಿಲನ್ನಿನಲ್ಲಿ ಏಳು ವರ್ಷ ಸರಳು ಹಿಡಿದವನೇ. ಅಲ್ಲಿಯ ಬೆಂಕಿಗೆ ಅವನ ಎಡಗಿವಿ ಒಣಗಿದ ಬೋರೆಹಣ್ಣಿನಂತೆ ಮುದುಡಿಕೊಂಡಿತ್ತು. ಹೊರಬಂದ ಮೇಲೆ ಅವನು ಒಂದು ದಿನವೂ ಕಿಲನ್ ಶೆಡ್ಡಿನ ಒಳಗೆ ಕಾಲಿಟ್ಟಿರಲಿಲ್ಲ. ಕ್ಯಾಂಟೀನಿಗೆ ಶೆಡ್ಡು ದಾಟಿ ಹೋದರೆ ನೂರು ಹೆಜ್ಜೆ. ಅವನು ಶೆಡ್ಡಿಗೆ ಮುಂಚಿನ ಕವಲಿನ ಹತ್ತಿರ ತಿರುಗಿ, ಕಂಪೌಂಡಿನ ಸುತ್ತು ದಾರಿ ಹಿಡಿದು, ಬಿಸಿಲಲ್ಲಿ ಕಾಲು ಮೈಲಿ ನಡೆದು ಚಹಾ ಕುಡಿಯಲು ಹೋಗುತ್ತಿದ್ದ. ಕೇಳಿದವರಿಗೆ ಸಕ್ಕರೆ ಕಾಯಿಲೆ, ಡಾಕ್ಟರು ನಡೆಯಲು ಹೇಳಿದ್ದಾರೆ ಎನ್ನುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಹಾಲೇಶ ಸಾಹೇಬರು ಟೈಮ್ ಆಫೀಸಿನ ಕಿಟಕಿಯಿಂದ ಯಂಕೇಶನನ್ನು ಕರೆದರು. ಕಾಶಿನಾಥನ ಬೆರಳು ಮೊದಲಿನಂತೆ ಏಳುತ್ತಿಲ್ಲ, ತಗ್ಗು ಚೆಂಡು ಹೊಡೆದು ಹೊಡೆದು ಅಸ್ಲಮನ ಭುಜ ಹೋಗುತ್ತಿದೆ ಎಂದರು. ನಾಳೆ ಪವರ್ ಪ್ಲಾಂಟಿನವರ ಮೇಲೆ ಮ್ಯಾಚು. ಅದೊಂದು ಗೆದ್ದುಕೊಟ್ಟರೆ ಸೋಮವಾರದಿಂದ ಕಾಟಾದ ಕೆಲಸ, ಸೋತರೆ ಹಲಗೆ ಮತ್ತೆ ಮೊದಲಿನಂತೆ. ಒಂದು ಮ್ಯಾಚು, ಅಷ್ಟೇ. ಯಂಕೇಶ ಆಗಲಿ ಎಂದು ತಲೆಯಾಡಿಸಿದ. ಹಿಂತಿರುಗಿ ನೋಡಿದರೆ, ದೂರದಲ್ಲಿ ಕಾಶಿನಾಥ ಸುತ್ತು ದಾರಿಯಲ್ಲಿ ಕ್ಯಾಂಟೀನಿನ ಕಡೆ ನಡೆಯುತ್ತಿದ್ದ.

ಮನೆಯಲ್ಲಿ ಹೆಂಡತಿ ರೇಣುಕಾದೇವಿ ಸುದ್ದಿ ಕೇಳಿ ದೇವರ ಜಗಲಿಯ ಮುಂದೆ ಹೋಗಿ ನಿಂತಳು. ಮುದುಕಪ್ಪ ಸುಟ್ಟುಕೊಂಡ ದಿನ ಹೊತ್ತಲ್ಲದ ಹೊತ್ತಿನಲ್ಲಿ, ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ಅಪಘಾತದ ಸೈರನ್ ಆಗಿತ್ತು. ಬರಿಗಾಲಲ್ಲಿ ಗೇಟಿಗೆ ಓಡಿದ ಹೆಂಗಸರಿಗೆ ಎರಡು ತಾಸು ಯಾರೂ ಸುಟ್ಟವನ ಹೆಸರು ಹೇಳಿರಲಿಲ್ಲ. ಅವರಲ್ಲಿದ್ದ ರೇಣುಕಾದೇವಿ ಮನೆಗೆ ಬಂದವಳೇ ಕುಕ್ಕರನ್ನು ತೊಳೆದು ಅಟ್ಟಕ್ಕೇರಿಸಿದ್ದಳು. ಅದರ ಸೀಟಿ ಅವಳಿಗೆ ಆಗುತ್ತಿರಲಿಲ್ಲ. ಅನ್ನವನ್ನು ಪಾತ್ರೆಯಲ್ಲೇ ಬೇಯಿಸಿ ಬಸಿಯುತ್ತಿದ್ದಳು.

ಯಂಕೇಶ ಕಾಶಿನಾಥನ ಸಂಗತಿ ತೆಗೆದ. ತಾನು ಕೆಲಸಕ್ಕೆ ಸೇರಿದ್ದೇ ಅವನ ಮಾತಿನಿಂದ, ಚೆಂಡು ಹಿಡಿಯಲು ಕಲಿಸಿದವನೂ ಅವನೇ ಎಂದ. ರೇಣುಕಾದೇವಿ ಒಲೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು:

"ಅವರು ಎಂಟು ವರ್ಷ ನೆಳ್ಳಾಗ ಇದ್ರು. ನಿಮಗ ಒಂದು ದಿನಾನೂ ಬ್ಯಾಡೇನು?"

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ದೀಪ ಹಚ್ಚುವ ಹೊತ್ತು, ಕಾಶಿನಾಥ ಚಪ್ಪಲಿ ಬಿಡುತ್ತಿದ್ದ.

ಏನೂ ಆಗದವನಂತೆ ಒಳಬಂದು ಗೋಡೆಗೊರಗಿ ಕೂತ. ರೇಣುಕಾದೇವಿ ಮಂಡಾಳು ಒಗ್ಗರಣೆ, ಬಿಸಿ ಮಿರ್ಚಿ ತಂದಿಟ್ಟಳು. ಅವನು ಅಸ್ಲಮನ ಭುಜಕ್ಕೆ ಗಂಗಾವತಿಯ ನಾಟಿ ವೈದ್ಯ ಹಚ್ಚಿದ ಎಣ್ಣೆಯ ವಾಸನೆಗೆ ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದುಹೋದ ಕಥೆ ಹೇಳಿದ. ತಾನೇ ನಕ್ಕ. ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡು, "ತಂಗೀ, ನಿನ್ನ ಸಿಟ್ಟೆಲ್ಲಾ ಹಿಟ್ಟಿನ್ಯಾಗ ಕಲಸೀಯೇನು?" ಎಂದ. ಅವಳೂ ನಕ್ಕಳು, ನಕ್ಕದ್ದಕ್ಕೆ ನಾಚಿಕೊಂಡವಳಂತೆ ಒಳಗೆ ಹೋದಳು.

ಅವಳು ಒಳಗೆ ಹೋದ ಮೇಲೆ ಅವನು ಜೇಬಿನಿಂದ ಬಿಳಿ ಟೇಪಿನ ಸುರುಳಿ ತೆಗೆದು ಯಂಕೇಶನ ಮುಂದಿಟ್ಟ. ಬೆರಳಿಗೆ ಸುತ್ತುವ ಟೇಪು, ಅರ್ಧ ತೀರಿತ್ತು. ಸುತ್ತುವಾಗ ಗೆಣ್ಣು ಬಿಟ್ಟು ಸುತ್ತಬೇಕೆಂದು ತೋರಿಸಿದ. ತೋರಿಸುವಾಗ ಅವನ ಬಲಗೈಯ ಎರಡು ಬೆರಳು ಟೇಪಿನ ತುದಿಯನ್ನು ಹಿಡಿಯಲಾರದೆ ಮೂರು ಸಲ ಜಾರಿದವು. ಇಬ್ಬರೂ ಅದನ್ನು ನೋಡಿದರು.

"ಯಾವಾಗಿನಿಂದ, ಕಾಶಣ್ಣಾ?" ಎಂದ ಯಂಕೇಶ.

"ದೀಪಾವಳಿಂದ. ಬೆರಳಿಗೆ ಚೆಂಡು ಬಂದದ್ದು ಗೊತ್ತಾಗೂದಿಲ್ಲ, ಹೋದದ್ದು ಗೊತ್ತಾಗೂದಿಲ್ಲ." ಅವನು ಎದ್ದು ಬಾಗಿಲ ತನಕ ಹೋದ. ಚಪ್ಪಲಿ ಮೆಟ್ಟುತ್ತ ತಿರುಗದೆಯೇ ಹೇಳಿದ: "ನಾಳೆ ಚೆಂಡು ಎತ್ತೂಮುಂದ ನನ್ನ ಕಡೆ ನೋಡಬ್ಯಾಡ, ತಮ್ಮಾ. ನೋಡಿದ್ರ ನಿನಗ ಆಡಾಕ ಆಗೂದಿಲ್ಲ."

ಭಾನುವಾರ ಸಂಜೆ ನಾಲ್ಕಕ್ಕೆ ಮೈದಾನದ ಸುತ್ತ ಜನ. ಟ್ಯಾಂಕರ್ ತಂದು ನೆಲಕ್ಕೆ ನೀರು ಹೊಡೆದು, ಸುಣ್ಣದ ಗೆರೆ ಎಳೆದಿದ್ದರು. ಕೆಲಸ ಮುಗಿದ ಟ್ಯಾಂಕರನ್ನು ಬಡಗಣ ಅಂಚಿಗೆ ನಿಲ್ಲಿಸಿ ಡ್ರೈವರು ಅದರ ನೆರಳಿನಲ್ಲಿ ಕೂತಿದ್ದ. ಯಂಕೇಶ ಬೆರಳಿಗೆ ಟೇಪು ಸುತ್ತಿಕೊಂಡ. ಗೆಣ್ಣಿನ ಮೇಲೆ ಬಂತೆಂದು ಎರಡು ಸಲ ಬಿಚ್ಚಿ ಸುತ್ತಿದ. ನಾಲ್ಕು ವರ್ಷ ತಾನು ನೀರಿನ ಬಾಟಲಿ ಇಟ್ಟುಕೊಂಡು ಕೂರುತ್ತಿದ್ದ ಸಿಮೆಂಟಿನ ಕಟ್ಟೆಯ ಕಡೆ ನೋಡಬಾರದೆಂದುಕೊಂಡೇ ನೋಡಿದ. ಕಾಶಿನಾಥ ಅಲ್ಲಿ ಬಾಟಲಿಗಳನ್ನು ಒಂದೊಂದಾಗಿ ಜೋಡಿಸಿಡುತ್ತಿದ್ದ.

ಈ ಲಿಫ್ಟರ್ ಎಂಬುವವನು ಪಾಯಿಂಟು ಹೊಡೆಯುವವನಲ್ಲ. ಹಿಂದಿನವರು ತಡೆದು ಕೊಟ್ಟ ಚೆಂಡನ್ನು ನೆಟ್ಟಿನ ಬಲತುದಿಯಲ್ಲಿ ನಿಂತು ಹತ್ತು ಬೆರಳಿನಿಂದ ಮೇಲಕ್ಕೆತ್ತಿ ಎಡತುದಿಯ ಸ್ಮ್ಯಾಶರಿಗೆ ಕೊಡುವವನು. ಅವನು ಎತ್ತಿದ ಚೆಂಡು ಒಂದು ಗೇಣು ತಗ್ಗಾದರೆ ಹೊಡೆಯುವವನ ಭುಜ ಹೋಗುತ್ತದೆ, ಒಂದು ಗೇಣು ಹೆಚ್ಚಾದರೆ ಎದುರಿನವರು ಕೈಯೆತ್ತಿ ಕಾಯುತ್ತಾರೆ.

ಮೊದಲ ಸೆಟ್ಟನ್ನು ಕಿಲನ್ನಿನವರು ಮೂಡಣ ಅಂಕಣದಲ್ಲಿ ಆಡಿ ಇಪ್ಪತ್ತೈದಕ್ಕೆ ಹದಿನೇಳರಿಂದ ಗೆದ್ದರು. ಯಂಕೇಶನಿಗೇ ನಂಬಿಕೆ ಬರಲಿಲ್ಲ. ಕೈ ತನ್ನಷ್ಟಕ್ಕೆ ಎತ್ತುತ್ತಿತ್ತು, ಅಸ್ಲಮ ಹಾರಿ ಹೊಡೆಯುತ್ತಿದ್ದ. ಕ್ಯಾಂಟೀನಿನ ಒಂದು ಮೇಜಿನವರು ಇನ್ನೊಂದು ಮೇಜಿನವರ ಟೋಪಿ ಕಿತ್ತು ಗಾಳಿಗೆ ತೂರಿದರು.

ಎರಡನೆಯ ಸೆಟ್ಟಿಗೆ ಅಂಕಣ ಬದಲಾಯಿತು. ಮೊದಲ ಚೆಂಡು ಎತ್ತಿದಾಗಲೇ ಅವನಿಗೆ ಗೊತ್ತಾಯಿತು: ಎತ್ತರ ತಿಳಿಯುತ್ತಿಲ್ಲ. ಎರಡನೆಯದು ತಗ್ಗಾಯಿತು, ಮೂರನೆಯದು ನೆಟ್ಟು ದಾಟಿ ಎದುರಿನವರ ಕೈಗೆ ಬಿತ್ತು. ಆಮೇಲೆ ಅವನಿಗೆ ಹೊಳೆಯಿತು. ನಾಲ್ಕು ವರ್ಷದ ಅಭ್ಯಾಸದಲ್ಲಿ ಎಕ್ಸ್‌ಟ್ರಾ ಆಟಗಾರ ಯಾವಾಗಲೂ ಎದುರಿನ ಪಂಗಡಕ್ಕೆ ಆಡಬೇಕಿತ್ತು. ಎದುರಿನ ಪಂಗಡಕ್ಕೆ ಯಾವಾಗಲೂ ಮೂಡಣ ಅಂಕಣ, ಏಕೆಂದರೆ ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುವುದು ಅಲ್ಲಿಯವರಿಗೆ. ಆ ಅಂಕಣದಲ್ಲಿ ಲಿಫ್ಟರ್ ತೆಂಕಣಕ್ಕೆ ಮುಖ ಮಾಡಿ ನಿಲ್ಲುತ್ತಾನೆ. ಎದುರಿಗೆ ಕಾರ್ಖಾನೆಯ ಚಿಮಣಿ. ಚಿಮಣಿಯ ಕೆಳಗಿನ ಕೆಂಪು ಪಟ್ಟಿ ಮುಟ್ಟುವಷ್ಟು ಚೆಂಡು ಎತ್ತಿದರೆ ಸರಿ ಎಂದು ಅವನ ಕಣ್ಣು, ಅವನಿಗೂ ಹೇಳದೆ, ಅಳತೆ ಹಿಡಿದುಬಿಟ್ಟಿತ್ತು. ಈ ಅಂಕಣದಲ್ಲಿ ಮುಖ ಬಡಗಣಕ್ಕೆ. ಅಲ್ಲಿ ಕಡಲೆ ಕಿತ್ತ ಹೊಲ, ಆಮೇಲೆ ಬರೀ ಆಕಾಶ. ಯಂಕೇಶ ಅಲ್ಲಿ ಒಂದು ದಿನವೂ ಆಡಿರಲಿಲ್ಲ. ಇದನ್ನು ಹಾಲೇಶ ಸಾಹೇಬರೂ ಯೋಚಿಸಿರಲಿಲ್ಲ, ಕ್ಯಾಂಟೀನಿನ ಎರಡು ಮೇಜೂ ಯೋಚಿಸಿರಲಿಲ್ಲ.

ಆ ಸೆಟ್ಟು ಹದಿಮೂರಕ್ಕೇ ಹೋಯಿತು. ಹಾಲೇಶ ಸಾಹೇಬರು ಕೈಕಟ್ಟಿ ನೆಲ ನೋಡುತ್ತಿದ್ದರು. ಯಂಕೇಶ ಕಣ್ಣು ಮುಚ್ಚಿದರೆ ಕಿಲನ್ನಿನ ಆ ಚಿಕ್ಕ ಬಾಗಿಲು, ಅದರ ಕೆಂಪು ಕಂಡಿ, ತನ್ನ ಕೈಯಲ್ಲಿ ಮುಂದಿನ ಸರಳು.

ಕೊನೆಯ ಸೆಟ್ಟು ಹದಿನೈದು ಪಾಯಿಂಟಿನದು, ಎಂಟಾದಾಗ ಮತ್ತೆ ಅಂಕಣ ಬದಲು. ಚಿಮಣಿಯ ಕಡೆ ಮುಖವಿದ್ದಾಗ ಎಂಟು-ಐದು. ದಾಟಿ ಈಚೆ ಬಂದರೆ ಎಂಟು-ಎಂಟು. ನೀರು ಕುಡಿಯಲು ಆಟ ನಿಂತಾಗ ಯಂಕೇಶ ಕಟ್ಟೆಯ ಕಡೆ ನೋಡಿದ. ಬಾಟಲಿಗಳಿದ್ದವು, ಕಾಶಿನಾಥ ಇರಲಿಲ್ಲ.

ಜನ ಬಡಗಣ ಅಂಚಿನತ್ತ ತಿರುಗಿ ನಗುತ್ತಿದ್ದರು. ನಲವತ್ತು ದಾಟಿದ ಕಾಶಿನಾಥ ಟ್ಯಾಂಕರಿನ ಹಿಂದಿನ ಏಣಿ ಹಿಡಿದು, ಒಂದೊಂದೇ ಮೆಟ್ಟಿಲು ತಡವರಿಸುತ್ತ ಹತ್ತುತ್ತಿದ್ದ. ಕೆಳಗಿನಿಂದ ಯಾರೋ, ಮ್ಯಾಚು ಕಾಣಿಸುವುದಿಲ್ಲವೇನೋ ಮಾವಾ ಎಂದು ಛೇಡಿಸಿದರು. ಅವನು ಹತ್ತುತ್ತಲೇ ಇದ್ದ. ಟ್ಯಾಂಕರಿನ ನೆತ್ತಿಯ ಮೇಲೆ ನೆಟ್ಟಗೆ ನಿಂತು ಹೆಗಲ ಮೇಲಿನ ಬಿಳಿ ಟವೆಲನ್ನು ತಲೆಗೆ ಸುತ್ತಿಕೊಂಡ. ಬರೀ ಆಕಾಶವಿದ್ದಲ್ಲಿ ಈಗ ಒಂದು ಬಿಳಿ ಬೊಟ್ಟು ಇತ್ತು.

ಅದು ತನ್ನ ಅಳತೆಗೆಂದು ಯಂಕೇಶನಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು. ಚೆಂಡು ಬಂತು. ಆ ಬಿಳಿಯನ್ನು ನೋಡಬಾರದೆಂದು ನೆಟ್ಟನ್ನೇ ನೋಡುತ್ತ ಎತ್ತಿದ, ತಗ್ಗಾಯಿತು. ಅಸ್ಲಮ ನರಳುತ್ತ ಭುಜ ಹಿಡಿದುಕೊಂಡು ಒಂದು ಗಳಿಗೆ ಕೂತು ಎದ್ದ. ಎಂಟು-ಒಂಬತ್ತು. ಟ್ಯಾಂಕರಿನ ಮೇಲಿನ ಮನುಷ್ಯ ಅಲುಗಲಿಲ್ಲ. ಮುಂದಿನ ಚೆಂಡಿಗೆ ಯಂಕೇಶ ಕತ್ತೆತ್ತಿ ಅವನನ್ನೇ ನೋಡಿದ. ಹತ್ತು ಬೆರಳೂ ತೆರೆದು ಚೆಂಡನ್ನು ಆ ತಲೆಯ ಟವೆಲಿಗೆ ಮುಟ್ಟಿಸುವಂತೆ ಎತ್ತಿದ. ಅಸ್ಲಮನ ಕೈ ಚೆಂಡಿಗೆ ಬಿದ್ದ ಸದ್ದು ಕಾರ್ಖಾನೆಯ ಗೋಡೆಗೆ ಬಡಿದು ವಾಪಸು ಬಂತು.

ಹದಿನೈದು-ಹನ್ನೆರಡು. ಜನ ಒಳನುಗ್ಗಿ ಯಂಕೇಶನನ್ನು ಹೆಗಲಿಗೇರಿಸಿದರು. ಆ ಎತ್ತರದಿಂದ ಅವನು ನೋಡಿದ. ಕಾಶಿನಾಥ ಏಣಿಯ ಮೇಲೆ ಕಾಲಿನಿಂದ ಮೆಟ್ಟಿಲು ಹುಡುಕುತ್ತ, ಹಿಮ್ಮುಖವಾಗಿ ಇಳಿಯುತ್ತಿದ್ದ.

ಜನ ಕರಗಿದ ಮೇಲೆ ಹಾಲೇಶ ಸಾಹೇಬರು ಬಂದು, ನಾಳೆ ಒಂಬತ್ತಕ್ಕೆ ಕಾಟಾಕ್ಕೆ ಹೋಗು, ಕಾಶಿನಾಥ ಎರಡರ ಶಿಫ್ಟಿಗೆ ಕಿಲನ್ನಿನಲ್ಲಿ ನಿನ್ನ ಜಾಗಕ್ಕೆ ಬರುತ್ತಾನೆ ಎಂದರು. ಯಂಕೇಶ ಅಲ್ಲೇ ನಿಂತ. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ: ಆ ಬೆರಳಿನಿಂದ ಸರಳು ಹಿಡಿಯಲಾಗುವುದಿಲ್ಲ, ಅವನನ್ನು ಸ್ಟೋರಿಗೆ ಹಾಕಿರಿ, ಇಲ್ಲವೆ ವಾರಕ್ಕೊಮ್ಮೆ ಬದಲಿ ಮಾಡಿರಿ, ಒಂದು ವಾರ ನಾನೇ ಹೋಗುತ್ತೇನೆ. ಕೊನೆಯ ಮಾತಿಗೆ ಬರುವಷ್ಟರಲ್ಲಿ ಆ ಬಾಗಿಲಿನ ಝಳ ಮುಖಕ್ಕೆ ಹೊಡೆದಂತಾಗಿ ಉಸಿರು ಕಟ್ಟಿತು.

"ಏನರ ಹೇಳೂದೈತೇನು?" ಎಂದರು ಸಾಹೇಬರು.

"ಏನಿಲ್ರಿ ಸರ್."

ಸೋಮವಾರ ಬೆಳಗ್ಗೆ ಯಂಕೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುವಾಗ ಕಾಶಿನಾಥನ ಹೆಂಡತಿ ಭವಾನಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. ಜಗಳಕ್ಕೆ ಬಂದಿದ್ದಾಳೆಂದು ರೇಣುಕಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಎದುರಾದಳು. ಭವಾನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಸಣ್ಣ ದನಿಯಲ್ಲಿ ಕೇಳಿದಳು:

"ಎಂಟು ವರ್ಷ ಆತು ನೋಡವಾ, ಮರತೇಬಿಟ್ಟೀನಿ. ಸೈರನ್ ಸರಿ ಹೊತ್ತಿಗೆ ಆಗೂದು ಯಾವ್ಯಾವಾಗ?"

ರೇಣುಕಾದೇವಿ ಸೆರಗು ಬಿಟ್ಟಳು. ಆರಕ್ಕೆ, ಎರಡಕ್ಕೆ, ಹತ್ತಕ್ಕೆ ಎಂದು ಬೆರಳು ಮಡಿಚಿ ಹೇಳಿದಳು. ಭವಾನಿಯೂ ಅವಳ ಜೊತೆಗೇ ಬೆರಳು ಮಡಿಚಿದಳು.

ಕಾಟಾದ ಕೋಣೆಯಲ್ಲಿ ಫ್ಯಾನು ಇತ್ತು. ಲಾರಿ ಬಂದು ನಿಂತರೆ ಗಾಜಿನೊಳಗೆ ಕೆಂಪು ಅಂಕಿ ಮೂಡುತ್ತಿತ್ತು, ಅದನ್ನು ಚೀಟಿಗೆ ಬರೆದು ಕೊಟ್ಟರಾಯಿತು. ಎರಡಕ್ಕೆ ಹತ್ತು ನಿಮಿಷವಿರುವಾಗ ಕಿಟಕಿಯಲ್ಲಿ ಕಾಶಿನಾಥ ಕಂಡ. ಹಲಗೆಯ ಕೆಳಗಿನ ನಲ್ಲಿಯಲ್ಲಿ ಟವೆಲು ತೋಯಿಸುತ್ತಿದ್ದ. ಕಿಲನ್ನಿಗೆ ಹೋಗುವವರೆಲ್ಲ ಹಸಿ ಟವೆಲನ್ನು ಕುತ್ತಿಗೆಗೂ ಕಿವಿಗೂ ಸುತ್ತಿಕೊಂಡೇ ಹೋಗುವುದು. ಅದನ್ನು ಹಿಂಡಲು ಅವನ ಬೆರಳಿಗೆ ಆಗುತ್ತಿರಲಿಲ್ಲ. ಯಂಕೇಶ ಎದ್ದು ಹೊರಗೆ ಹೋದ. ಟವೆಲಿನ ಒಂದು ತುದಿ ಹಿಡಿದ. ಇಬ್ಬರೂ ಒಂದೊಂದು ಕಡೆಯಿಂದ ತಿರುವಿದರು, ಅರ್ಧ ನೀರು ಇಳಿಯಿತು. ಕಾಶಿನಾಥ ಕತ್ತು ಬಗ್ಗಿಸಿದ. ಯಂಕೇಶ ಆ ಮುದುಡಿದ ಕಿವಿ ಮುಚ್ಚುವಂತೆ ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿದ.

"ಬಿಗಿ ಆತೇನು?"

"ಛಲೋ ಆತು."

ಅಷ್ಟರಲ್ಲಿ ಕಾಟಾದ ಮೇಲೆ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು. ಯಂಕೇಶ ಓಡಿಹೋಗಿ ಚೀಟಿ ಬರೆದುಕೊಟ್ಟ. ಎರಡರ ಸೈರನ್ ಆಯಿತು. ಮತ್ತೆ ಹೊರಬಂದಾಗ ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಕಪ್ಪು ಪುಡಿ ಹರಡಿದ ನೆಲದ ಮೇಲೆ ಟವೆಲಿನಿಂದ ಸೋರಿದ ಹನಿಗಳು ಸಾಲಾಗಿ ಬಿದ್ದಿದ್ದವು. ಅವನು ಅವುಗಳ ಜೊತೆಗೇ ನಡೆದ. ಕವಲಿನ ಹತ್ತಿರ, ಕಂಪೌಂಡಿನ ಸುತ್ತು ದಾರಿ ಬೇರೆಯಾಗುವಲ್ಲಿ, ಹನಿಗಳು ಒಂದೇ ಜಾಗದಲ್ಲಿ ಬಿದ್ದು ಬಿದ್ದು ಅಂಗೈಯಗಲದ ಹಸಿ ಕಲೆಯಾಗಿದ್ದವು. ಅಲ್ಲಿಂದ ಮುಂದೆ ಅವು ಶೆಡ್ಡಿನ ಕಡೆಗೆ ಹೋಗಿದ್ದವು, ಒಂದಕ್ಕೊಂದು ದೂರ ದೂರ. ಶೆಡ್ಡಿನ ಝಳಕ್ಕೆ ಆಚೆಯ ತುದಿಯಿಂದಲೇ ಆರುತ್ತಾ ಬರುತ್ತಿದ್ದವು.